ಬಾಳವ್ವನ ಮನೆಯ ಹತ್ತನೆಯ ಗೆರೆ

ನಮ್ಮೂರಿನಲ್ಲಿ ಯಾರ ಮನೆಯಿಂದಲೂ ಬರಿಗೈಯಲ್ಲಿ ಹೊರಡುವ ಹಾಗಿಲ್ಲ. ಹೊರಟರೆ ನಿಮ್ಮ ಮನೆ ನಿಮಗೆ ಸಿಗುವುದಿಲ್ಲ. ಓಣಿ ಅದೇ ಇರುತ್ತದೆ, ಕೈಪಂಪು ಅದೇ ಇರುತ್ತದೆ, ಮೂಲೆಯ ಹಿಟ್ಟಿನ ಗಿರಣಿಯೂ ಅದೇ. ಎಷ್ಟು ಸುತ್ತಿದರೂ ನಿಮ್ಮ ಬಾಗಿಲು ಮಾತ್ರ ಎದುರಾಗುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ತಾನಾಗಿ ಸಿಗುತ್ತದೆ, ಅಲ್ಲಿಯವರೆಗೆ ಕಾಲು ಸವೆಸಬೇಕು. ಹಾಗಾಗಿ ಬಂದವರು ಎದ್ದು ನಿಂತರೆ ಸಾಕು, ಮನೆಯವರ ಕೈ ಏನನ್ನೋ ಹುಡುಕತೊಡಗುತ್ತದೆ. ಒಂದು ನಿಂಬೆಹಣ್ಣು, ಒಂದು ಚೂರು ಬೆಲ್ಲ, ಏನೂ ಇಲ್ಲದಿದ್ದರೆ ಒಲೆಯ ಪಕ್ಕದ ಇದ್ದಿಲು. ಶಾಲೆಯಲ್ಲಿ ಮಾಸ್ತರರು ಸೀಮೆಸುಣ್ಣದ ತುಂಡು ಕೊಡುತ್ತಾರೆ, ಪೋಸ್ಟ್ ಆಫೀಸಿನಲ್ಲಿ ಹಳೆಯ ಲಕೋಟೆಯ ಮೂಲೆ ಹರಿದು ಕೊಡುತ್ತಾರೆ. ಒಮ್ಮೆ ಹಬ್ಬದೂಟಕ್ಕೆ ಬಂದ ಇದೇ ಊರಿನ ಅಳಿಯನೊಬ್ಬ ಮಾವನ ಮೇಲೆ ಸಿಟ್ಟಾಗಿ, ಕೊಟ್ಟ ಎಲೆ ಅಡಿಕೆಯನ್ನು ಅಂಗಳಕ್ಕೆ ಎಸೆದು ಹೊರಟ. ಸಂಜೆಯವರೆಗೆ ಇಪ್ಪತ್ತು ಸುತ್ತು ಹಾಕಿದ, ಪ್ರತಿ ಸುತ್ತಿಗೂ ಆ ಮಾವನ ಕಟ್ಟೆಯ ಮುಂದೆಯೇ ತಲೆ ತಗ್ಗಿಸಿ ಹಾಯಬೇಕಾಯಿತು. ಕಳ್ಳರಿಗೆ ಮಾತ್ರ ಈ ತಾಪತ್ರಯವಿಲ್ಲ.

ನನ್ನ ಹೆಸರು ಅಡಿವೆಪ್ಪ. ಈ ಊರಿನ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದೆ. ದವಾಖಾನೆಯಿಂದಲೂ ಬರಿಗೈಯಲ್ಲಿ ಹೋಗುವಂತಿಲ್ಲವಲ್ಲ, ಅಲ್ಲಿ ಕೊಡಲಿಕ್ಕೆ ಇರುವುದಾದರೂ ಏನು? ಗುಳಿಗೆ. ಅದರಲ್ಲೂ ಅರ್ಧ ಕೆಂಪು ಅರ್ಧ ಕಪ್ಪು ಬಣ್ಣದ ಆ ಕ್ಯಾಪ್ಸೂಲು. ಜ್ವರ ಎಂದು ಬಂದವರಿಗೆಲ್ಲ ಅದನ್ನೇ ಕೊಡುತ್ತಿದ್ದೆವು. ನೆಗಡಿ ಜ್ವರವೋ, ಬಿಸಿಲಿನ ಜ್ವರವೋ, ಕೀವಿನ ಜ್ವರವೋ, ಯಾರೂ ಕೇಳುತ್ತಿರಲಿಲ್ಲ. ಬಂದವರ ಅಂಗೈಗೆ ಆರು ಕ್ಯಾಪ್ಸೂಲು ಬಿದ್ದರೆ ಅವರ ಕಣ್ಣಿಗೆ ತಮ್ಮ ಮನೆ ಕಾಣುತ್ತಿತ್ತು, ನನ್ನ ಕಣ್ಣಿಗೆ ಮುಂದಿನ ರೋಗಿ ಕಾಣುತ್ತಿದ್ದ. ದೊಡ್ಡ ಗಾಜಿನ ಭರಣಿ ವಾರಕ್ಕೊಮ್ಮೆ ಖಾಲಿಯಾಗುತ್ತಿತ್ತು. ಎಷ್ಟೋ ಡಾಕ್ಟರರು ಬಂದರು, ಹೋದರು. ಆ ಭರಣಿಯ ಮುಚ್ಚಳ ತಿರುಗಿಸುವುದು ಮಾತ್ರ ನಿಲ್ಲಲಿಲ್ಲ.

ಆಮೇಲೆ ಡಾಕ್ಟರ್ ಮುಕ್ತಾ ಬಂದರು. ಸಣ್ಣ ಮೈಕಟ್ಟು, ದಪ್ಪ ಕನ್ನಡಕ, ಮಾತು ಕಡಿಮೆ. ಊರ ಜನ ಅವರನ್ನು ಡಾಕ್ಟರ್ ಬಾಯಾರು ಎಂದು ಕರೆಯತೊಡಗಿದರು. ಅವರು ತಮ್ಮ ಜೊತೆ ನಾಲ್ಕು ಪೆಟ್ಟಿಗೆ ತಂದಿದ್ದರು. ಒಳಗೆ ಬೆರಳುದ್ದದ ಬಿಳಿ ಪಟ್ಟಿಗಳು. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ, ಮೇಲೆ ಸಣ್ಣ ಬಾಟಲಿಯಿಂದ ಎರಡು ಹನಿ ನೀರಿನಂಥದ್ದು, ಹದಿನೈದು ನಿಮಿಷ ಕಾಯುವುದು. ಒಂದೇ ಗೆರೆ ಮೂಡಿದರೆ ತಾನಾಗಿ ಇಳಿಯುವ ಜ್ವರ, ಕ್ಯಾಪ್ಸೂಲು ಬೇಡ. ಎರಡು ಗೆರೆ ಮೂಡಿದರೆ ಕ್ಯಾಪ್ಸೂಲು ಬೇಕೇ ಬೇಕು, ಅದೂ ಪೂರ್ತಿ ಏಳು ದಿನ.

"ಅಡಿವೆಪ್ಪನವರ, ಈ ಊರಾಗ ಬ್ಯಾಡಾದವರಿಗೆಲ್ಲಾ ಈ ಗುಳಿಗಿ ಕೊಟ್ಟು ಕೊಟ್ಟು, ಬೇಕಾದವರಿಗೆ ನಾಟದಂಗ ಆಗೈತಿ," ಎಂದರು ಬಾಯಾರು. "ಇದ್ದ ಶಕ್ತಿ ಉಳಿಸ್ಕೋಬೇಕು. ಇಲ್ಲಾಂದ್ರ ನಾಳೆ ನಮ್ಮ ಕೈಯಾಗ ಏನೂ ಇರೂದಿಲ್ಲ."

ಅವರು ಹೇಳಿದ್ದು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಮೊದಲು ಎರಡು ದಿನಕ್ಕೆ ಒಣಗುತ್ತಿದ್ದ ಕಿವಿ ಸೋರಿಕೆ ಈಗ ಹನ್ನೆರಡು ದಿನವಾದರೂ ಒಣಗುತ್ತಿರಲಿಲ್ಲ. ಗೊತ್ತಿದ್ದೂ ಭರಣಿಯ ಮುಚ್ಚಳ ತಿರುಗಿಸುತ್ತಿದ್ದೆ, ಅಷ್ಟೇ.

ಬಾಯಾರು ಹೊರಗಿನವರು, ನಮ್ಮೂರಿನ ರೀತಿ ಅವರಿಗೆ ತಿಳಿದಿರಲಿಲ್ಲ. ಮೊದಲ ದಿನ ಒಂದು ಗೆರೆ ಬಂದ ಏಳು ಜನಕ್ಕೆ ನೀರು ಚೆನ್ನಾಗಿ ಕುಡಿಯಿರಿ, ಮಲಗಿರಿ ಎಂದು ಹೇಳಿ ಹಾಗೆಯೇ ಕಳಿಸಿಬಿಟ್ಟರು. ನಾನು ಆಗ ಹಿಂದಿನ ಕೋಣೆಯಲ್ಲಿ ಸಿರಿಂಜು ಕುದಿಸುತ್ತಿದ್ದೆ. ಹೊರಗೆ ಬಂದು ನೋಡಿದರೆ ಏಳೂ ಜನ ಕೆರೆಯ ಏರಿಯ ಮೇಲೆ ಜ್ವರದಲ್ಲಿ ತೂರಾಡುತ್ತ ಸುತ್ತುತ್ತಿದ್ದಾರೆ. ಓಡಿ ಹೋಗಿ ಒಬ್ಬೊಬ್ಬರ ಕೈಗೂ ದವಾಖಾನೆಯ ಹತ್ತಿಯ ಉಂಡೆ ಇಟ್ಟೆ. ಬಾಯಾರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಮಾರನೆಯ ದಿನದಿಂದ ಕೈಗೆ ಏನಾದರೂ ಇಡಬೇಕು ಎನ್ನುವುದನ್ನು ಅವರೂ ಒಪ್ಪಿದರು. ಆದರೆ ಏನನ್ನು?

ನಿಂಬೆಹಣ್ಣು ಕೊಟ್ಟು ನೋಡಿದೆವು. "ಜ್ವರಕ್ಕ ನಿಂಬಿಹಣ್ಣೇನ್ರೀ? ಇದು ನಮ್ಮನ್ಯಾಗೂ ಐತಿ," ಎಂದು ಜನ ಮುಖ ತಿರುವಿದರು. ಹತ್ತಿ ಕೊಟ್ಟರೆ ಹೆಣಕ್ಕೆ ಇಡುವ ವಸ್ತು ಎಂದು ಸಿಡುಕಿದರು. ಕ್ಯಾಪ್ಸೂಲು ಸಿಗದವರು ಹೊಸ ಡಾಕ್ಟರಿಗೆ ಕೈ ಬಿಗಿ ಎಂದು ಆಡಿಕೊಂಡರು. ಹೀಗೇ ಹೋದರೆ ಪೆಟ್ಟಿಗೆಗಳು ಮೂಲೆ ಸೇರುತ್ತವೆ ಎನಿಸಿತು. ಆಗ ನನಗೊಂದು ಉಪಾಯ ಹೊಳೆಯಿತು. ಇಡೀ ಜೀವಮಾನದಲ್ಲಿ ನನಗೆ ಹೊಳೆದ ಒಂದೇ ಉಪಾಯ ಅದು. ಹೊಳೆಯದಿದ್ದರೆ ಚೆನ್ನಾಗಿತ್ತು.

ಒಂದು ಗೆರೆ ಮೂಡಿದ ಪಟ್ಟಿಯನ್ನೇ ಅವರ ಕೈಗೆ ಕೊಟ್ಟೆ. ಬಾಯಾರು ಹೌಹಾರಿದರು. "ರಕ್ತ ಹತ್ತಿದ್ದನ್ನ ಮನಿಗೆ ಕಳಸ್ತಾರೇನ್ರಿ ಯಾರರ?" ಎಂದರು. ನಾನು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ನಾಲ್ಕೂ ಕಡೆ ಅಂಟುಪಟ್ಟಿ ಬಿಗಿದು, ಗೆರೆ ಮಾತ್ರ ಕಾಣುವ ಹಾಗೆ ಮಾಡಿ ತೋರಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಮೊದಲ ಪಟ್ಟಿಯನ್ನು ಕಮ್ಮಾರ ಹನಮಂತನ ಕೈಗೆ ಕೊಡುವಾಗ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ, "ಒಂದ ಗೆರಿ! ಗುಳಿಗಿ ಬೇಡದ ಗಟ್ಟಿ ಮೈ ನಿಂದು," ಎಂದು ಬೆನ್ನು ತಟ್ಟಿದೆ. ಹನಮಂತ ಜ್ವರದಲ್ಲೂ ಎದೆಯುಬ್ಬಿಸಿದ. ಆ ಪಟ್ಟಿಯನ್ನು ಎಲ್ಲರಿಗೂ ತೋರಿಸುತ್ತ, ಒಂದು ಸಲವೂ ದಾರಿ ತಪ್ಪದೆ ಮನೆ ಸೇರಿದ.

ಅಲ್ಲಿಂದ ಮುಂದೆ ನಾನು ತಡೆಯಬೇಕೆಂದರೂ ತಡೆಯಲಾಗುತ್ತಿರಲಿಲ್ಲ. ತಡೆಯಬೇಕು ಅಂತ ಅನಿಸಲೂ ಇಲ್ಲ. ಹನಮಂತ ಆ ಪಟ್ಟಿಯನ್ನು ಬಾಗಿಲ ಮೇಲೆ ಮೊಳೆ ಹೊಡೆದು ತೂಗುಹಾಕಿದ. ವಾರದೊಳಗೆ ಓಣಿಯ ಆರು ಬಾಗಿಲುಗಳ ಮೇಲೆ ಪಟ್ಟಿ ಬಂತು. ನಾಲ್ಕು ತಿಂಗಳಿಗೆ, ಹೆಣ್ಣು ನೋಡಲು ಬಂದವರು "ನಿಮ್ಮದು ಎಷ್ಟು ಗೆರಿ ಮನಿ?" ಎಂದು ಕೇಳುವಷ್ಟು ಮುಂದುವರಿಯಿತು. ಬರೀ ಆಕಳಿಕೆ ಬಂದವರೂ ಬೆರಳು ಚಾಚಿಕೊಂಡು ಬಂದರು. ಎರಡು ಗೆರೆ ಬಂದವರು ಕ್ಯಾಪ್ಸೂಲಿನ ಪೊಟ್ಟಣವನ್ನು ಬುಟ್ಟಿಯ ಸೊಪ್ಪಿನ ಕೆಳಗೆ ಬಚ್ಚಿಟ್ಟುಕೊಂಡು ಹಿತ್ತಲ ದಾರಿ ಹಿಡಿದರು. ಅವರ ಪಟ್ಟಿ ನಮ್ಮಲ್ಲೇ ಕಸದ ಡಬ್ಬಿಗೆ ಹೋಗುತ್ತಿತ್ತು. ಬಾಯಾರು ನನ್ನನ್ನು ಒಳಗೆ ಕರೆದು, "ಇದು ಮೈ ಗುಣ ಅಲ್ರಿ, ಆ ದಿನದ ಜ್ವರದ ಗುಣ. ಇವತ್ತ ಒಂದ ಗೆರಿ ಬಂದವರಿಗೆ ಮುಂದಿನ ತಿಂಗಳ ಎರಡು ಬರಬಹುದು. ಮಂದಿಗೆ ತಿಳಿಸಿ ಹೇಳ್ರಿ," ಎಂದು ಮೂರು ಸಲವಾದರೂ ಹೇಳಿದ್ದಾರೆ. ಹೂಂ ಎಂದೆ. ಹೇಳಲಿಲ್ಲ. ವಾರಕ್ಕೊಮ್ಮೆ ಖಾಲಿಯಾಗುತ್ತಿದ್ದ ಭರಣಿ ಈಗ ಎರಡು ತಿಂಗಳು ಬರುತ್ತಿತ್ತು, ಆ ಹೆಮ್ಮೆಯಲ್ಲಿ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಜನ ನನ್ನನ್ನು ನೋಡಿದರೆ ಬೆಂಚು ಬಿಟ್ಟು ಏಳುತ್ತಿದ್ದರು.

ದಿನಾ ಬೆಳಿಗ್ಗೆ ಬೆಂಚಿನ ಮುಂದೆ ನಿಂತು ಪಾಠ ಬೇರೆ ಹೇಳುತ್ತಿದ್ದೆ. "ಒಂದ ಗೆರಿ ಇದ್ದಾಗ?" ಎಂದು ನಾನು ಕೂಗಿದರೆ, "ಗುಳಿಗಿ ಮುಟ್ಟಬಾರದು!" ಎಂದು ಅವರು ಒಟ್ಟಾಗಿ ಕೂಗುತ್ತಿದ್ದರು. "ಯಾರರ ಬಲವಂತ ಮಾಡಿ ಕೊಟ್ಟರ?" "ಕಸ್ಕೊಂಡು ಇಡಬೇಕು!" ನನ್ನ ಪಾಠ ಚೆನ್ನಾಗಿ ಕಲಿತವಳು ಬಾಳವ್ವ.

ಬಾಳವ್ವ ಕೌದಿ ಹೊಲಿಯುವ ಹೆಂಗಸು. ಹಳೆಯ ಸೀರೆ ಧೋತರಗಳನ್ನು ಪದರಿಟ್ಟು ಹೊಲಿದು ಹೊದಿಕೆ ಮಾಡುವ ಕೆಲಸ. ಗಂಡ ಸತ್ತು ಬಹಳ ವರ್ಷವಾಗಿತ್ತು, ಒಬ್ಬನೇ ಮಗ ಈರಣ್ಣ ಲಾರಿ ಓಡಿಸುತ್ತ ತಿಂಗಳಲ್ಲಿ ಇಪ್ಪತ್ತು ದಿನ ಹೊರಗೇ ಇರುತ್ತಿದ್ದ. ಅವಳ ಬಾಗಿಲ ಮೇಲೆ ಒಂಬತ್ತು ಪಟ್ಟಿಗಳಿದ್ದವು. ಅವಳದು, ಮಗನದು, ಬಂದುಹೋದ ಅಕ್ಕನ ಮಕ್ಕಳದು, ಎಲ್ಲ ಸೇರಿ ಒಂಬತ್ತು. ಊರಿನಲ್ಲೇ ಅದು ಹೆಚ್ಚು. ತನ್ನ ಓಣಿಯ ಯಾರಿಗೆ ಜ್ವರ ಬಂದರೂ ಅವಳೇ ಕೈಹಿಡಿದು ಕರೆತರುತ್ತಿದ್ದಳು. ಕ್ಯಾಪ್ಸೂಲಿಗಾಗಿ ಹಟ ಮಾಡಿದವರನ್ನು ಅವಳೇ ಗದರಿಸುತ್ತಿದ್ದಳು. ಬಾಯಾರಿಗೂ ಅವಳೆಂದರೆ ಪ್ರೀತಿ. ಆ ಒಂಬತ್ತು ಗೆರೆಗಳನ್ನು ನೋಡಿಯೇ ಬೇರೆ ಊರಿನವರೊಬ್ಬರು ತಮ್ಮ ಮಗಳು ಶಿವಲೀಲಾಳನ್ನು ಈರಣ್ಣನಿಗೆ ಕೊಟ್ಟರು. ಇಪ್ಪತ್ತು ವರ್ಷದ ಹುಡುಗಿ, ನಕ್ಕರೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಅತ್ತೆ ಸೊಸೆ ಒಂದೇ ಕೌದಿಯ ಎರಡು ತುದಿಯಲ್ಲಿ ಕೂತು ಹೊಲಿಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಮದುವೆಯಾದ ಎಂಟನೆಯ ತಿಂಗಳಲ್ಲಿ ಶಿವಲೀಲಾಳಿಗೆ ಜ್ವರ ಬಂತು. ಮೂರನೆಯ ದಿನ ಮಧ್ಯಾಹ್ನ ಬಾಳವ್ವ ಅವಳನ್ನು ಕರೆದುಕೊಂಡು ಬಂದಳು. ಅಂದು ಬಾಯಾರು ಜಿಲ್ಲೆಯ ಮೀಟಿಂಗಿಗೆ ಹೋಗಿದ್ದರು. ಎರಡು ಗೆರೆ ಬಂದವರಿಗೆ ಪೊಟ್ಟಣ ಕೊಟ್ಟು, ಪುಸ್ತಕದಲ್ಲಿ ಬರೆದು, ಮೂರನೆಯ ದಿನ ಮತ್ತೆ ಬರಲು ಹೇಳುವುದು ಎಂಬ ಅಪ್ಪಣೆ ನನಗಿತ್ತು. ಬಾಳವ್ವ ಹೊರಗೆ ಬೆಂಚಿನ ಮೇಲೆ ಕೂತು ಯಾರದೋ ಕೂಸಿನ ಮೈ ಬಿಸಿ ಇದ್ದದ್ದನ್ನು ನೋಡಿ, ಹೆದರಬೇಡ ಎಂದು ಅದರ ತಾಯಿಗೆ ಹೇಳುತ್ತಿದ್ದಳು. ಒಳಗೆ ನಾನು ಸೊಸೆಯ ಬೆರಳು ಚುಚ್ಚಿದೆ. ಹದಿನೈದು ನಿಮಿಷ ಕಾಯುವ ಅಗತ್ಯವೇ ಬೀಳಲಿಲ್ಲ. ಐದು ನಿಮಿಷಕ್ಕೆ ಎರಡನೆಯ ಗೆರೆ ಮೊದಲನೆಯದಕ್ಕಿಂತ ದಪ್ಪಗೆ ಮೂಡಿ ನಿಂತಿತು.

ಅವಳು ಅದನ್ನೇ ನೋಡುತ್ತಿದ್ದಳು. "ಅಣ್ಣಾರ, ಎರಡು ಅಂತ ಹೇಳಬ್ಯಾಡ್ರಿ," ಎಂದಳು.

"ಹೇಳದಿದ್ರ ಹೆಂಗವ್ವಾ? ಗುಳಿಗಿ ತಗೋಬೇಕು ನೀ. ಏಳು ದಿನ, ತಪ್ಪಸದಂಗ."

"ತಗೋತೀನ್ರಿ. ಕದ್ದು ತಗೋತೀನಿ. ಅತ್ತಿ ನನ್ನ ಮಗಳಗಿಂತ ಹೆಚ್ಚು ನೋಡಕೊಂಡಾಳ್ರಿ. ಬಂದವರ ಮುಂದೆಲ್ಲಾ ಬಾಗಲಾ ತೋರಸ್ತಾಳ. ಆಕಿ ಮನ್ಯಾಗ ಮೊದಲನೇ ಎರಡು ಗೆರಿ ನಂದ ಆಗಬೇಕೇನ್ರಿ?" ಅವಳ ಕಣ್ಣು ತುಂಬಿತ್ತು. ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು.

ಅತ್ತೆ ಹೊಡೆಯುತ್ತಾಳೆ ಎಂದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಹೊರಗೆ ಹೋಗಿ ಬಾಳವ್ವನಿಗೆ ನಾಲ್ಕು ಮಾತು ಅಂದು ಬರುತ್ತಿದ್ದೆ. ಅತ್ತೆಯ ಮೇಲಿನ ಪ್ರೀತಿಗೆ ಹೀಗೆ ಕೇಳಿದಳಲ್ಲ, ಅದಕ್ಕೆ ನಾನು ಕರಗಿದೆ. ಅದೂ ಅಲ್ಲದೆ, ಬಾಳವ್ವನ ಬಾಗಿಲು ನನ್ನ ಉಪಾಯದ ಜಾಹೀರಾತೇ ಆಗಿತ್ತು. ಅದಕ್ಕೆ ಮಸಿ ಹತ್ತುವುದು ನನಗೂ ಬೇಡವಾಗಿತ್ತು. ಇದನ್ನು ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಹೊಸ ಪಟ್ಟಿಯೊಂದನ್ನು ಬಿಚ್ಚಿದೆ. ನನ್ನ ಎಡಗೈಯ ಉಂಗುರದ ಬೆರಳು ಚುಚ್ಚಿಕೊಂಡು ನನ್ನ ರಕ್ತದ ಹನಿ ಹಾಕಿದೆ. ಅದು ಆಗುವವರೆಗೆ ಅವಳಿಗೆ ಮೊದಲನೆಯ ಕ್ಯಾಪ್ಸೂಲನ್ನು ಅಲ್ಲೇ ನುಂಗಿಸಿದೆ. ಉಳಿದ ಹದಿಮೂರನ್ನು ಪೊಟ್ಟಣ ಕಟ್ಟಿ, ಮುಂಜಾನೆ ಒಂದು, ಸಂಜೆ ಒಂದು ಎಂದು ಎರಡು ಸಲ ಹೇಳಿ, ಅವಳ ಸೆರಗಿನ ಗಂಟಿನಲ್ಲಿ ನಾನೇ ಕಟ್ಟಿಸಿದೆ. ಹದಿನೈದು ನಿಮಿಷಕ್ಕೆ ನನ್ನ ಪಟ್ಟಿಯಲ್ಲಿ ಒಂದೇ ಗೆರೆ ಮೂಡಿತು. ಸುತ್ತಿ, ಅಂಟಿಸಿ, ಅವಳ ಕೈಗೆ ಕೊಟ್ಟೆ. ಪುಸ್ತಕದಲ್ಲೂ ಒಂದು ಗೆರೆ ಎಂದೇ ಬರೆದೆ. ಎರಡು ಎಂದು ಬರೆದರೆ ಬಾಯಾರು ಮೂರನೆಯ ದಿನ ಹುಡುಕಿ ಕರೆಸುತ್ತಿದ್ದರು, ಗುಟ್ಟು ರಟ್ಟಾಗುತ್ತಿತ್ತು. ಎಲ್ಲವನ್ನೂ ಎಷ್ಟು ಅಚ್ಚುಕಟ್ಟಾಗಿ ಮಾಡಿದೆ ನೋಡಿ. ನನಗೆ ಆಗ ಐವತ್ತಾರು ವರ್ಷ, ಬುದ್ಧಿ ಬಂದಿರಬೇಕಾದ ವಯಸ್ಸು.

ಹೊರಗೆ ಬಾಳವ್ವ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಹತ್ತನೇದು!" ಎಂದು ಬೆಂಚಿಗೆಲ್ಲ ತೋರಿಸಿದಳು. ಸೊಸೆಯ ಗಲ್ಲ ಹಿಡಿದು, "ಗಟ್ಟಿ ಮೈ ನನ್ನ ಹುಡುಗಿದು," ಎಂದಳು. ಶಿವಲೀಲಾ ನನ್ನ ಕಡೆ ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಇಬ್ಬರೂ ನಿಧಾನಕ್ಕೆ ಮನೆಯ ಕಡೆ ನಡೆದರು.

ಎರಡು ದಿನ ಬಿಟ್ಟು ನಾನು ಬೇಕೆಂದೇ ಅವರ ಓಣಿಯಲ್ಲಿ ಹಾದುಹೋದೆ. ಹತ್ತನೆಯ ಪಟ್ಟಿ ಬಾಗಿಲ ಮೇಲೆ ಏರಿತ್ತು. ಬಾಳವ್ವ ಹೊಸ್ತಿಲಲ್ಲೇ ಸಿಕ್ಕಳು. "ಇನ್ನೂ ಜ್ವರಾ ಅದಾವ್ರಿ ಅಡಿವೆಪ್ಪಣ್ಣ. ಆದ್ರ ಒಂದ ಗೆರೀವು ಅಲ್ಲೇನ್ರಿ, ಬಂದಂಗ ಹೋಗತಾವ. ತಣ್ಣೀರ ಬಟ್ಟಿ ಹಾಕಾಕತ್ತೀನಿ," ಎಂದಳು. ಕ್ಯಾಪ್ಸೂಲು ತೆಗೆದುಕೊಳ್ಳುತ್ತಿದ್ದಾಳಾ ಎಂದು ನಾನು ಹೇಗೆ ಕೇಳಲಿ? "ಊಟಾ ಮಾಡ್ತಾಳೇನು?" ಎಂದೆ. "ಗಂಜಿ ಕುಡಸ್ತೀನ್ರಿ," ಎಂದಳು. ಒಳಗೆ ಹೋಗಿ ಒಂದು ಸಲ ಹುಡುಗಿಯ ಮುಖ ನೋಡಬೇಕೆನಿಸಿತು. ನೋಡಿದರೆ ಬಾಯಿ ತಪ್ಪಿ ಏನಾದರೂ ಆಡಿಬಿಡುತ್ತೇನೆ ಎಂದು ಹೆದರಿದೆ. ಅವಳು ಕದ್ದು ನುಂಗುತ್ತಿರುತ್ತಾಳೆ, ಇನ್ನೆರಡು ದಿನದಲ್ಲಿ ಏಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ಹಾಗೆಯೇ ಮುಂದೆ ನಡೆದೆ. ಆ ಹೊಸ್ತಿಲು ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿತ್ತು. ದಾಟಲಿಲ್ಲ.

ಪಟ್ಟಿ ಹಾಕಿ ನೋಡಿದ ಆರನೆಯ ದಿನ ಈರಣ್ಣ ಊರಿಗೆ ಬಂದ. ಹೆಂಡತಿಗೆ ಗುರುತೂ ಸಿಗುತ್ತಿಲ್ಲ ಎಂದು ನೋಡಿ, ಲಾರಿಯಲ್ಲೇ ಮಲಗಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೊರಟ. ಅರ್ಧ ದಾರಿಯಲ್ಲಿ ಅವಳು ಹೋದಳು.

ಮಣ್ಣು ಮಾಡಿ ಬಂದ ಮರುದಿನವೇ ಊರು ಬದಲಾಯಿತು. ಒಂದು ಗೆರೆಯ ಹುಡುಗಿ ಸತ್ತಳು, ಅಂದರೆ ಗೆರೆಯೇ ಸುಳ್ಳು. ಹೀಗೆ ಅಂದುಕೊಂಡವರನ್ನು ತಪ್ಪು ಅನ್ನುವ ಹಾಗಿರಲಿಲ್ಲ. ಜನ ಬಾಗಿಲ ಮೇಲಿನ ಪಟ್ಟಿಗಳನ್ನು ಕಿತ್ತು ತಂದು ದವಾಖಾನೆಯ ಮೆಟ್ಟಿಲ ಮೇಲೆ ಸುರಿದರು. ಎಲ್ಲರಿಗಿಂತ ಮೊದಲು ಬಾಳವ್ವ ತಂದಳು. ಬೆಂಚಿನ ತುಂಬ ಗದ್ದಲ. "ಗುಳಿಗಿ ಕೊಡ್ರಿ, ಇಲ್ಲಾ ನಾವು ಇಲ್ಲಿಂದ ಏಳೂದಿಲ್ಲ," ಎಂದು ಕೂತರು. ಬಾಯಾರು ಪುಸ್ತಕ ತೆಗೆದು ಶಿವಲೀಲಾಳ ಹೆಸರಿನ ಮುಂದೆ ನಾನು ಬರೆದದ್ದನ್ನು ಎಷ್ಟು ಸಲ ಓದಿದರೋ! ಪೆಟ್ಟಿಗೆಯ ತಾರೀಖು ನೋಡಿದರು, ಅದೇ ಪೆಟ್ಟಿಗೆಯ ಇನ್ನೂ ಹತ್ತು ಪಟ್ಟಿ ಹಾಕಿ ನೋಡಿದರು, ಎಲ್ಲ ಸರಿಯಾಗಿಯೇ ಇದ್ದವು. "ನಾ ತಂದ ಪಟ್ಟಿ ಆ ಹುಡುಗಿನ ಕೊಂದ್ವು ಅಡಿವೆಪ್ಪನವರ," ಎಂದು ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕೂತುಬಿಟ್ಟರು. ಪೆಟ್ಟಿಗೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬಂದವರಿಗೆಲ್ಲ ಮತ್ತೆ ಕೆಂಪು ಕಪ್ಪು ಕ್ಯಾಪ್ಸೂಲು ಕೊಡಿ ಎಂದರು. ಕೊಟ್ಟೆ. ನೆಗಡಿಗೆ ಕೊಟ್ಟೆ, ಬಿಸಿಲು ಹೊಡೆದವರಿಗೆ ಕೊಟ್ಟೆ. ಒಂಬತ್ತು ದಿನಕ್ಕೆ ಎರಡು ಭರಣಿ ಖಾಲಿಯಾದವು.

ಹನ್ನೊಂದನೆಯ ದಿನ ಬಾಯಾರ ಮುಂದೆ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ಮಂದಿಗೆ ಹೇಳಲಿಕ್ಕೇ ಬೇಕು. ಆದ್ರ ಮೊದಲ ಬಾಳವ್ವಗ ಹೇಳಿ ಬರ್ರಿ. ಬೇರೆಯವರ ಬಾಯಿಂದ ಆಕಿ ಕೇಳಬಾರದು," ಎಂದರು.

ಮುಂದಿನದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಆ ವಾರವೇ ಬೆಂಚಿನ ಮುಂದೆ ನಿಂತು ಎಲ್ಲರೆದುರು ಒಪ್ಪಿಕೊಂಡೆ. ಕೆಲವರು ಉಗಿದರು, ಕೆಲವರು ಎದ್ದು ಹೋದರು. ಪಟ್ಟಿಗಳು ನಿಧಾನವಾಗಿ ಮತ್ತೆ ನಡೆಯತೊಡಗಿದವು, ಈಗಲೂ ನಡೆಯುತ್ತಿವೆ. ಮೂಡಿದ್ದು ಒಂದಾಗಲಿ ಎರಡಾಗಲಿ, ಪಟ್ಟಿ ಈಗ ಕಸದ ಡಬ್ಬಿಗೇ ಹೋಗುತ್ತದೆ. ಒಂದು ಗೆರೆಯವರ ಕೈಗೆ ಬಾಯಾರು ನೀರಿಗೆ ಕಲಸಿ ಕುಡಿಯುವ ಉಪ್ಪು ಸಕ್ಕರೆ ಪುಡಿಯ ಪೊಟ್ಟಣ ಇಡುತ್ತಾರೆ, ಎರಡು ಗೆರೆಯವರ ಕೈಗೆ ಕ್ಯಾಪ್ಸೂಲಿನ ಪೊಟ್ಟಣ. ಎರಡಕ್ಕೂ ಒಂದೇ ಬಣ್ಣದ ಕಾಗದ, ಯಾರದ್ದು ಯಾವುದು ಎಂದು ಬೆಂಚಿಗೆ ತಿಳಿಯುವುದಿಲ್ಲ. ಇಷ್ಟು ಸಣ್ಣ ಉಪಾಯ ನನಗೆ ಹೊಳೆದಿರಲಿಲ್ಲ. ಸತ್ಯ ಹೇಳಬೇಕೆಂದರೆ ನಾನು ಹುಡುಕಿರಲೇ ಇಲ್ಲ, ನನಗೆ ಹೊಗಳಿಕೆಯ ರುಚಿ ಹತ್ತಿತ್ತು. ಕೆಲಸ ಬಿಟ್ಟೆ. ಬಾಯಾರು ಬೇಡವೆಂದರು, ಆದರೂ ಬಿಟ್ಟೆ.

ಬಾಳವ್ವನ ಮನೆಗೆ ಹೋದದ್ದು ಬೆಳಗಿನ ಹತ್ತು ಗಂಟೆಯ ಹೊತ್ತಿಗೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಸದ್ಯಕ್ಕೆ ಅವಳು ಪಟ್ಟಿಯನ್ನು ಶಪಿಸುತ್ತಿದ್ದಾಳೆ. ಪಟ್ಟಿಗೆ ಜೀವವಿಲ್ಲ, ಎಷ್ಟು ಶಪಿಸಿದರೂ ನಡೆಯುತ್ತದೆ. ನಾನು ಬಾಯಿ ತೆರೆದರೆ ನನ್ನನ್ನು ಶಪಿಸುತ್ತಾಳೆ, ಅದೂ ನ್ಯಾಯವೇ. ಆದರೆ ಅಷ್ಟಕ್ಕೇ ನಿಲ್ಲುತ್ತದೆಯೇ, ತನ್ನನ್ನೇ ಶಪಿಸಿಕೊಳ್ಳುವುದಿಲ್ಲವೇ? ಸೊಸೆ ಆ ಕ್ಯಾಪ್ಸೂಲುಗಳನ್ನು ನುಂಗಿದಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನುಂಗಿಯೂ ನಾಟದೆ ಸತ್ತಿರಲಿ ಎಂದು ದೇವರನ್ನು ಕೇಳಿಕೊಂಡೆ. ಇಂಥ ಬೇಡಿಕೆಯನ್ನೂ ಮನುಷ್ಯ ಬೇಡುತ್ತಾನೆ.

ಬಾಳವ್ವ ಪಡಸಾಲೆಯಲ್ಲಿ ಕೂತಿದ್ದಳು. ಬಾಗಿಲ ಮೇಲೆ ಹತ್ತು ಮೊಳೆಗಳು ಮಾತ್ರ ಉಳಿದಿದ್ದವು. ನನಗೆ ನೀರು ತಂದುಕೊಟ್ಟಳು. ತಂಬಿಗೆಯನ್ನು ಪಕ್ಕಕ್ಕಿಟ್ಟೆ. ಕೂತಲ್ಲೇ ಹೇಳತೊಡಗಿದೆ. ಹುಡುಗಿ ಕೇಳಿಕೊಂಡದ್ದು, ನಾನು ಬೆರಳು ಚುಚ್ಚಿಕೊಂಡದ್ದು, ಸೆರಗಿನ ಗಂಟು, ಪುಸ್ತಕದ ಸುಳ್ಳು, ಎಲ್ಲವನ್ನೂ ಹೇಳಿದೆ.

"ಎರಡ ಇದ್ದುವೇನ್ರಿ?" ಎಂದಳು ಕೊನೆಗೆ.

"ಹೂಂನವ್ವಾ."

"ಆ ಗುಳಿಗಿ ನೀವ ಕೊಟ್ಟಿದ್ರಿ?"

"ನಾನ ಕೊಟ್ಟಿದ್ದೆ."

ಅವಳು ಎದ್ದು ಒಳಗೆ ಹೋಗಿ, ಗೋಡೆಯ ಗೂಡಿನಿಂದ ಪೊಟ್ಟಣ ತಂದು ನನ್ನ ಮುಂದೆ ನೆಲದ ಮೇಲೆ ಬಿಚ್ಚಿದಳು. ಹದಿಮೂರೂ ಇದ್ದವು.

"ಅವತ್ತ ಸಂಜೀಕ ಬೆವತ ಸೀರಿ ಬದಲಾಯಿಸುವಾಗ ಸೆರಗಿನಾಗ ಸಿಕ್ವು," ಎಂದಳು. "ಏನಿದು ಅಂದೆ. ಕಂಪೌಂಡರ್ ಅಣ್ಣಾರು ಕೊಟ್ಟಾರ ಅಂದ್ಲು. ನಾ ನಂಬಲಿಲ್ಲ. ಅಡಿವೆಪ್ಪಣ್ಣ ಒಂದ ಗೆರಿಗೆ ಗುಳಿಗಿ ಕೊಡೂ ಮನಷ್ಯಾನ ಅಲ್ಲ, ಎಲ್ಲೋ ಅಂಗಡ್ಯಾಗ ತಗೊಂಡು ಸುಳ್ಳ ಹೇಳತಿ ಅಂತ ಬೈದೆ. ಆಕಿ ಸುಮ್ಮನಾದ್ಲು. ಕಸ್ಕೊಂಡು ಮ್ಯಾಲ ಇಟ್ಟೆ. ನೀವ ಹೇಳಿದಂಗ."

ನಾನು ತಲೆ ಎತ್ತಲಿಲ್ಲ. ಅಳುತ್ತಾಳೆ, ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳ ದನಿ ಅಷ್ಟೇ ಮೆತ್ತಗಿತ್ತು, ಯಾರದೋ ಮನೆಯ ಸಂಗತಿ ಹೇಳುವವಳ ಹಾಗೆ.

"ಮೂರು ಸಲ ಕೇಳಿದ್ಲ್ರಿ ಆಕಿ. ಮರದಿನ ಒಮ್ಮೆ ಗೂಡಿನ ಕಡೆ ಕೈ ಮಾಡಿ, ಅತ್ತಿ ಒಂದರ ಕೊಡ್ರಿ ಅಂದ್ಲು. ಬ್ಯಾಡವ್ವಾ, ಒಂದ ಗೆರಿ ಇದ್ದಾಗ ಮುಟ್ಟಬಾರದು ಅಂದೆ. ನಾಕನೇ ದಿನ ಮತ್ತ ಕೇಳಿದ್ಲು, ಅವಾಗೂ ಬ್ಯಾಡ ಅಂದೆ. ಮೂರನೇ ಸಲ ಮಾತ ಬರಲಿಲ್ರಿ ಆಕಿಗೆ. ಗೂಡಿನ ಕಡೆ ನೋಡಿ ಬಾಯಿ ಅಷ್ಟ ತೆರದ್ಲು. ಹಸಿವಿ ಆಗೇತಿ ಅಂತ ತಿಳದು, ನಾ ಗಂಜಿ ಹಾಕಿದೆ."